ಕವಚಧಾರಿ ರೋಗಾಣು

ಶಾಲೆಯ ಸ್ಮರಣ ಸಂಪುಟಕ್ಕೆ ಕನ್ನಡ ಪಂಡಿತನಾದವನು ಪಂಪನನ್ನೋ ರನ್ನನನ್ನೋ ಕುರಿತು ಲೇಖನ ಬರೆಯುವುದು ಪದ್ಧತಿ. ಸಂಪಾದಕ ಮಂಡಳಿಯವರು ನನ್ನಿಂದ ನಿರೀಕ್ಷಿಸಿದ್ದುದೂ ಅದನ್ನೇ. ಹಾಗಿದ್ದೂ ಈ ಬಾರಿ ಕಣ್ಣಿಗೆ ಕಾಣದ ಒಂದು ರೋಗಾಣುವನ್ನೂ ಅದು ತೊಟ್ಟಿರುವ ಕವಚವನ್ನೂ ಕುರಿತು ನಾಲ್ಕು ಮಾತು ಬರೆಯಲು ಅನುಮತಿ ಬೇಡಿದೆನು. ವಿಷಯವು ನನ್ನ ಅಧ್ಯಯನದ ಕ್ಷೇತ್ರಕ್ಕೆ ಸೇರಿದುದಲ್ಲ. ವೈದ್ಯಶಾಸ್ತ್ರವನ್ನು ಬಲ್ಲವರಿಂದ ಕೇಳಿಯೂ ಓದಿಯೂ ತಿಳಿದುದನ್ನು ನಮ್ಮ ಅಧ್ಯಾಪಕ ಬಂಧುಗಳಿಗೆ ಅರ್ಥವಾಗುವಂತೆ ಹೇಳುವುದಷ್ಟೇ ಇಲ್ಲಿಯ ಉದ್ದೇಶ. ಈ ಬರಹಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಕಮಲಾಪುರದಲ್ಲಿ ಪಾಠ ಹೇಳುತ್ತಿದ್ದಾಗ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಇತರ ಮಕ್ಕಳಿಗೆ ಮಾದರಿಯೆಂದು ಅವಳ ಬರವಣಿಗೆಯ ಪುಸ್ತಕವನ್ನು ನಾನು ತರಗತಿಯಲ್ಲಿ ತೋರಿಸುತ್ತಿದ್ದೆ. ಆ ವರ್ಷ ದಸರೆಯ ರಜೆ ಕಳೆದು ಬಂದ ಮೇಲೆ ಅವಳ ಬರವಣಿಗೆ ಕೆಡತೊಡಗಿತು. ಒತ್ತಕ್ಷರಗಳು ಗೆರೆ ಬಿಟ್ಟು ಜಾರಿದವು. ಪುಟದ ತುಂಬ ಮಸಿಯ ಕಲೆಗಳಾದವು. ಕೈಯಲ್ಲಿದ್ದ ಲೇಖನಿ ಮೇಲಿಂದ ಮೇಲೆ ನೆಲಕ್ಕೆ ಬೀಳುತ್ತಿತ್ತು. ಇದು ಉದಾಸೀನವೆಂದೇ ಬಗೆದು ಒಂದು ದಿನ ಎಲ್ಲರೆದುರು ಗದರಿಸಿ, ಒಂದೇ ಪುಟವನ್ನು ಹತ್ತು ಸಲ ಬರೆಯುವ ಶಿಕ್ಷೆ ವಿಧಿಸಿದೆ. ಅವಳು ತಲೆ ತಗ್ಗಿಸಿ, "ಗುರುಗಳೆ, ಕೈ ನನ್ನ ಮಾತ ಕೇಳವಲ್ದ್ರಿ" ಎಂದಳು. ತರಗತಿ ನಕ್ಕಿತು. ನಾನೂ ನಂಬಲಿಲ್ಲ.

ಅವಳ ಮಾತು ಅಕ್ಷರಶಃ ಸತ್ಯವಾಗಿತ್ತು. ಕೆಲವು ವಾರಗಳ ಮೇಲೆ ತಂದೆತಾಯಿಗಳು ಅವಳನ್ನು ಕಲಬುರಗಿಗೆ ಕರೆದೊಯ್ದು ತೋರಿಸಿದಾಗ, ಶ್ರಾವಣದಲ್ಲಿ ಅವಳಿಗೆ ಬಂದು ಹೋಗಿದ್ದ ಗಂಟಲುನೋವೇ ಇದಕ್ಕೆಲ್ಲ ಮೂಲವೆಂದು ವೈದ್ಯರು ಹೇಳಿದರು. ನಡುವೆ ಮೊಣಕಾಲುಗಳು ಬಾತಾಗ ಅದು ಬೆಳೆಯುವ ವಯಸ್ಸಿನ ನೋವೆಂದು ಮನೆಯವರು ಸುಮ್ಮನಾಗಿದ್ದರು. ಕೈಯ ಚಾಂಚಲ್ಯ ಕೆಲವು ತಿಂಗಳುಗಳಲ್ಲಿ ನಿಂತಿತು, ಅಕ್ಷರ ಮತ್ತೆ ದುಂಡಗಾಯಿತು. ಆದರೆ ಹೃದಯದ ಕವಾಟಕ್ಕೆ ಆದ ಘಾಸಿ ಉಳಿದೇ ಉಳಿಯಿತು. ಗಂಟಲಿನ ಒಂದು ಕ್ಷುದ್ರ ಜೀವಿಗೂ ಹೃದಯಕ್ಕೂ ಕೈಬರಹಕ್ಕೂ ಏನು ಸಂಬಂಧ? ಅಂದು ನನ್ನನ್ನು ಕಾಡಿದ ಈ ಪ್ರಶ್ನೆಗೆ ದೊರೆತ ಉತ್ತರದ ಮೊದಲ ಅಧ್ಯಾಯವೇ ಕವಚದ ಕಥೆ.

ಹೆಸರು ಮತ್ತು ರೂಪ

ಈ ರೋಗಾಣುವಿನ ಹೆಸರು ಸ್ಟ್ರೆಪ್ಟೊಕಾಕಸ್. ಗ್ರೀಕ್ ಭಾಷೆಯಲ್ಲಿ 'ಸ್ಟ್ರೆಪ್ಟೋಸ್' ಎಂದರೆ ತಿರುಚಿದುದು, 'ಕೊಕ್ಕೋಸ್' ಎಂದರೆ ಕಾಳು. 1874ರಲ್ಲಿ ಬಿಲ್‌ರಾತ್ ಎಂಬ ಶಸ್ತ್ರವೈದ್ಯನು ಇಟ್ಟ ಹೆಸರಿದು. ನಮ್ಮ ಸೀಮೆಯ ತೊಗರಿಕಾಳುಗಳನ್ನು ದಾರದಲ್ಲಿ ಪೋಣಿಸಿ ಸರ ಮಾಡಿದರೆ ಹೇಗೋ ಹಾಗೆ, ದುಂಡನೆಯ ಜೀವಕಣಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಲ್ಲುತ್ತವೆ. ಇವುಗಳಲ್ಲಿ ಹಲವು ಪಂಗಡಗಳುಂಟು. ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿದುಷಿ 1933ರಲ್ಲಿ ಇವುಗಳನ್ನು ಎ, ಬಿ ಮೊದಲಾದ ಗುಂಪುಗಳಾಗಿ ವಿಂಗಡಿಸಿದಳು. ಗಂಟಲುನೋವನ್ನು ತರುವುದು ಎ ಗುಂಪಿನದು. ಶ್ವಾಸಕೋಶದ ಉರಿಯೂತಕ್ಕೆ, ಎಂದರೆ ನ್ಯುಮೋನಿಯಾಕ್ಕೆ ಕಾರಣವಾಗುವ ನ್ಯುಮೋಕಾಕಸ್ ಕೂಡ ಇದೇ ಕುಲಕ್ಕೆ ಸೇರಿದ್ದು. ಇದಕ್ಕೆ ಸ್ಟ್ರೆಪ್ಟೊಕಾಕಸ್ ಎಂಬ ಕುಲನಾಮ ದೊರೆತದ್ದು 1974ರಲ್ಲಿ.

ನನ್ನ ಹಳೆಯ ಶಿಷ್ಯರೊಬ್ಬರು ವೈದ್ಯರಾಗಿದ್ದಾರೆ. ಅವರು ಒಮ್ಮೆ ನನ್ನನ್ನು ಪ್ರಯೋಗಶಾಲೆಗೆ ಕರೆದು ಸೂಕ್ಷ್ಮದರ್ಶಕದಲ್ಲಿ ನ್ಯುಮೋಕಾಕಸ್ಸನ್ನು ತೋರಿಸಿದರು. ಗಾಜಿನ ಪಟ್ಟಿಯ ಮೇಲೆ ರೋಗಾಣುವಿರುವ ಹನಿಗೆ ಕಾಡಿಗೆಯಿಂದ ಮಾಡಿದ ಕಪ್ಪು ಮಸಿಯನ್ನು ಬೆರೆಸಿದ್ದರು. ಸುತ್ತಲೂ ಕತ್ತಲೆ, ನಡುವೆ ಪ್ರತಿಯೊಂದು ಜೋಡಿ ಕಾಳಿನ ಸುತ್ತ ಬೆಳಕಿನ ಪ್ರಭಾವಳಿ. ಮಸಿಯ ಕಣಗಳು ಕವಚದೊಳಗೆ ನುಗ್ಗಲಾರವು, ಆದುದರಿಂದ ಕವಚವಿರುವ ಸ್ಥಳವು ಬೆಳ್ಳಗೆ ಕಾಣುತ್ತದೆ. ಬೇಸಗೆಯಲ್ಲಿ ಪಾನಕಕ್ಕೆ ಹಾಕುವ ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ನೆನೆಯಿಟ್ಟರೆ ಕರಿಯ ಬೀಜದ ಸುತ್ತ ತಿಳಿಯಾದ ಲೋಳೆ ಕಟ್ಟಿಕೊಳ್ಳುವುದನ್ನು ಎಲ್ಲರೂ ಬಲ್ಲರು. ರೋಗಾಣುವಿನ ಕವಚವು ಹೆಚ್ಚುಕಡಿಮೆ ಅದೇ ಬಗೆಯದು. ಲೋಹದ ಗಡಸು ಇದಕ್ಕಿಲ್ಲ. ಸಕ್ಕರೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡ ಉದ್ದನೆಯ ಎಳೆಗಳ ಲೋಳೆ ಇದು.

ಕವಚದ ಕಾರ್ಯ

ಈ ಲೋಳೆಯಿಂದ ರೋಗಾಣುವಿಗೆ ಏನು ಪ್ರಯೋಜನ? ಇದನ್ನು ತಿಳಿಯಬೇಕಾದರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಕೆಲವು ಹೊರಗಿನಿಂದ ಬಂದ ಜೀವಿಗಳನ್ನು ಸುತ್ತುವರಿದು ನುಂಗಿ ಜೀರ್ಣಿಸಿಬಿಡುತ್ತವೆ. ಇವು ಭಕ್ಷಕಕಣಗಳು. ಆದರೆ ಭಕ್ಷಕಕಣವು ಯಾವುದನ್ನೂ ಸುಮ್ಮನೆ ನುಂಗುವುದಿಲ್ಲ; ಅದಕ್ಕೆ ಹಿಡಿಕೆ ಬೇಕು. ರಕ್ತದಲ್ಲಿರುವ ಪೂರಕ ಪ್ರೋಟೀನುಗಳೂ ಪ್ರತಿಕಾಯಗಳೂ ಶತ್ರುವಿನ ಮೈಗೆ ಅಂಟಿಕೊಂಡು ಈ ಹಿಡಿಕೆಯನ್ನು ಒದಗಿಸುತ್ತವೆ. ಭಕ್ಷಕಕಣವು ಆ ಹಿಡಿಕೆಯನ್ನು ಹಿಡಿದು ಶತ್ರುವನ್ನು ಒಳಗೆಳೆದುಕೊಳ್ಳುತ್ತದೆ.

ಕವಚವಿದ್ದಾಗ ಈ ಕ್ರಮವೆಲ್ಲ ತಪ್ಪುತ್ತದೆ. ಪೂರಕ ಪ್ರೋಟೀನು ಲೋಳೆಯೊಳಗೆ ಇಳಿದು ರೋಗಾಣುವಿನ ಗೋಡೆಗೆ ಅಂಟಿಕೊಂಡರೂ ಹಿಡಿಕೆಯು ಲೋಳೆಯ ಆಳದಲ್ಲಿ ಹುದುಗಿಹೋಗುತ್ತದೆ. ಭಕ್ಷಕಕಣದ ಕೈ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಹಾವಸೆ ಕಟ್ಟಿದ ಬಾವಿಯ ಮೆಟ್ಟಿಲಿನ ಮೇಲೆ ಕಾಲು ನಿಲ್ಲದಂತೆ ಹಿಡಿತವು ಜಾರುತ್ತದೆ. ಇಷ್ಟರಲ್ಲಿ ರೋಗಾಣು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಸುತ್ತದೆ. ಕವಚವು ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ, ಅದರಲ್ಲಿ ವಿಷವಿಲ್ಲ. ಕೊಲ್ಲಬಲ್ಲವನಿಗೆ ಕಾಲಾವಕಾಶವನ್ನು ದೊರಕಿಸಿಕೊಡುವುದೇ ಅದರ ಕೆಲಸ. ರೋಗಾಣುವಿನ ಉಗ್ರತೆಗೆ ಕವಚವು ಕಾರಣವೆಂದು ವಿಜ್ಞಾನಿಗಳು ಹೇಳುವುದು ಈ ಅರ್ಥದಲ್ಲಿ.

ಸಹಜ ಕವಚವಿರುವವರೆಗೆ ಕರ್ಣನು ಅವಧ್ಯನೆಂದೂ, ಇಂದ್ರನು ಬ್ರಾಹ್ಮಣವೇಷದಿಂದ ಬಂದು ಅದನ್ನು ಬೇಡಿ ಪಡೆದನೆಂದೂ ಭಾರತವನ್ನು ಬಲ್ಲ ನಮಗೆಲ್ಲ ತಿಳಿದಿದೆ. ಪ್ರಯೋಗಶಾಲೆಯಲ್ಲಿ ಇದಕ್ಕೆ ಸದೃಶವಾದ ಪರೀಕ್ಷೆ ನಡೆದುದು 1928ರಲ್ಲಿ. ಇಂಗ್ಲೆಂಡಿನ ಫ್ರೆಡರಿಕ್ ಗ್ರಿಫಿತ್ ಎಂಬ ವೈದ್ಯನು ಎರಡು ಬಗೆಯ ನ್ಯುಮೋಕಾಕಸ್‌ಗಳನ್ನು ಇಲಿಗಳಿಗೆ ಚುಚ್ಚಿದನು. ಕವಚವುಳ್ಳದ್ದು ಇಲಿಯನ್ನು ಕೊಂದಿತು. ಕವಚವಿಲ್ಲದ್ದು ಏನೂ ಮಾಡಲಿಲ್ಲ. ಕವಚವುಳ್ಳದ್ದನ್ನು ಕಾಯಿಸಿ ಕೊಂದು ಚುಚ್ಚಿದಾಗಲೂ ಇಲಿ ಬದುಕಿತು. ಆದರೆ ಕಾಯಿಸಿ ಕೊಂದ ಕವಚಧಾರಿಯನ್ನು ಜೀವಂತವಾದ ಕವಚಹೀನದೊಂದಿಗೆ ಬೆರೆಸಿ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಜೀವಂತ ಕವಚಧಾರಿಗಳು ಕಂಡುಬಂದವು! ಕವಚವನ್ನು ಹೆಣೆಯುವ ವಿದ್ಯೆಯು ಸತ್ತದ್ದರಿಂದ ಬದುಕಿದ್ದಕ್ಕೆ ಹಸ್ತಾಂತರವಾಗಿತ್ತು. ಆ ವಿದ್ಯೆಯನ್ನು ಹೊತ್ತ ವಸ್ತುವು ಡಿಎನ್‌ಎ ಎಂಬುದನ್ನು 1944ರಲ್ಲಿ ನ್ಯೂಯಾರ್ಕಿನ ಆವೆರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ಎಂಬ ಮೂವರು ತೋರಿಸಿದರು. ವಂಶವಾಹಿಯ ವಸ್ತು ಯಾವುದೆಂಬ ಮಹತ್ತರ ಜ್ಞಾನವು ಮನುಷ್ಯನಿಗೆ ದೊರೆತುದು ಈ ರೋಗಾಣುವಿನ ಕವಚದ ಚಿಂತನೆಯಿಂದಲೇ ಎಂಬುದು ಸ್ಮರಣೀಯ.

ಕವಚವಲ್ಲ, ವೇಷ

ನ್ಯುಮೋಕಾಕಸ್ಸಿನ ಕವಚವು ದೇಹಕ್ಕೆ ಪರಕೀಯ ವಸ್ತು. ಗಂಟಲಿನ ಎ ಗುಂಪಿನ ಸ್ಟ್ರೆಪ್ಟೊಕಾಕಸ್ಸಿನ ಮಾತೇ ಬೇರೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನೊಳಗಿನ ತಿಳಿಯಾದ ದ್ರವದಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಗಾಜಿಗೆ 'ಹಯಲೋಸ್' ಎನ್ನುತ್ತಾರೆ. ಅದರಿಂದ ಈ ವಸ್ತುವಿಗೆ ಹಯಲುರಾನಿಕ್ ಆಮ್ಲ ಎಂದು ಹೆಸರಾಯಿತು. ಇದು ನಮ್ಮ ಕೀಲುಗಳ ನಡುವಣ ದ್ರವದಲ್ಲಿಯೂ ಚರ್ಮದಲ್ಲಿಯೂ ಹೊಕ್ಕುಳಬಳ್ಳಿಯಲ್ಲಿಯೂ ಇದೆ. ಮೂರು ವರ್ಷಗಳ ಮೇಲೆ, 1937ರಲ್ಲಿ, ಎ ಗುಂಪಿನ ಸ್ಟ್ರೆಪ್ಟೊಕಾಕಸ್ಸಿನ ಕವಚವು ಇದೇ ವಸ್ತುವಿನಿಂದಾದುದೆಂದು ಕೆಂಡಲ್, ಹೈಡಲ್‌ಬರ್ಗರ್, ಡಾಸನ್ ಎಂಬವರು ಪ್ರಕಟಿಸಿದರು. ಎರಡೇ ಬಗೆಯ ಸಕ್ಕರೆಗಳು ಒಂದು ಬಿಟ್ಟು ಒಂದು ಬರುವ ಈ ಎಳೆಯಲ್ಲಿ, ನಮ್ಮದಕ್ಕೂ ರೋಗಾಣುವಿನದಕ್ಕೂ ರಾಸಾಯನಿಕವಾಗಿ ಭೇದವಿಲ್ಲ.

ಇದರ ಅರ್ಥವೇನು? ದೇಹದ ಕಾವಲುಗಾರರು ಪರಕೀಯವನ್ನು ಕಂಡರೆ ಎಚ್ಚರಗೊಳ್ಳುತ್ತಾರೆ; ತಮ್ಮವರನ್ನು ಹಿಂಸಿಸಬಾರದೆಂಬುದು ಅವರಿಗಿರುವ ಕಟ್ಟಳೆ. ರೋಗಾಣುವು ನಮ್ಮದೇ ಬಟ್ಟೆಯನ್ನು ಉಟ್ಟು ಬಂದರೆ ಅವರು ಅದನ್ನು ಗುರುತಿಸುವುದು ಹೇಗೆ? ನ್ಯುಮೋಕಾಕಸ್ಸಿನದು ಕರ್ಣನ ಕವಚವಾದರೆ ಇದು ಪಾಂಡವರ ಅಜ್ಞಾತವಾಸದ ವೇಷ. ವಿರಾಟನಗರದಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದು ಯಾರಿಗೂ ಗುರುತು ಸಿಗದಂತಿದ್ದ ಸ್ಥಿತಿ ಇದರದು. ಹಯಲುರಾನಿಕ್ ಆಮ್ಲದ ವಿರುದ್ಧ ನಮ್ಮ ದೇಹವು ಪರಿಣಾಮಕಾರಿಯಾದ ಪ್ರತಿಕಾಯಗಳನ್ನು ನಿರ್ಮಿಸುವುದಿಲ್ಲ. ಇಷ್ಟೇ ಅಲ್ಲದೆ, ಆ ಆಮ್ಲವನ್ನು ಹಿಡಿದುಕೊಳ್ಳಲೆಂದು ನಮ್ಮ ಗಂಟಲಿನ ಜೀವಕೋಶಗಳ ಮೇಲೆ ಇರುವ ಗ್ರಾಹಕ ಪ್ರೋಟೀನಿಗೇ ಈ ಕವಚವು ತಗುಲಿಕೊಂಡು ರೋಗಾಣುವು ಅಲ್ಲಿ ನೆಲೆಯೂರುತ್ತದೆ.

1991ರಲ್ಲಿ ಅಮೆರಿಕದ ವೆಸೆಲ್ಸ್ ಮತ್ತು ಸಂಗಡಿಗರು ಇಂಥ ಒಂದು ರೋಗಾಣುವಿನ ಕವಚ ನಿರ್ಮಾಣದ ಶಕ್ತಿಯನ್ನು ಮಾತ್ರ ಕೆಡಿಸಿ ನೋಡಿದರು. ಉಳಿದೆಲ್ಲ ಅಂಗಗಳಿದ್ದರೂ ಅದು ಮನುಷ್ಯರಕ್ತದಲ್ಲಿ ಬದುಕಿ ಬೆಳೆಯುವ ಸಾಮರ್ಥ್ಯವನ್ನು ಕಳೆದುಕೊಂಡಿತು. ಇಲಿಗಳಲ್ಲಿ ಅದರ ಉಗ್ರತೆಯೂ ಬಹಳ ಮಟ್ಟಿಗೆ ಕುಗ್ಗಿತು. ಆದರೆ ಕವಚವೊಂದೇ ಸರ್ವಸ್ವವೆಂದು ಸಾಧಿಸಹೊರಡುವುದು ಸರಿಯಲ್ಲ. ಎ ಗುಂಪಿನ ಕೆಲವು ತಳಿಗಳಲ್ಲಿ ಕವಚವನ್ನು ನಿರ್ಮಿಸುವ ವಂಶವಾಹಿಗಳೇ ಇಲ್ಲ. ಆದರೂ ಅವು ರೋಗವನ್ನು ತರುತ್ತವೆ. ಗೋಡೆಯಿಂದ ರೋಮಗಳಂತೆ ಹೊರಚಾಚಿರುವ ಎಂ ಪ್ರೋಟೀನ್ ಎಂಬ ಇನ್ನೊಂದು ಸಾಧನವೂ ಭಕ್ಷಕಕಣಗಳಿಂದ ತಪ್ಪಿಸಿಕೊಳ್ಳಲು ನೆರವಾಗುತ್ತದೆ. ಒಂದು ಕೋಟೆಗೆ ಕಂದಕವೂ ಗೋಡೆಯೂ ಬುರುಜೂ ಇರುವಂತೆ ರೋಗಾಣುವಿಗೂ ರಕ್ಷಣೆಗಳು ಅನೇಕ.

ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಕೂಡ ಇದೇ ತಂತ್ರವನ್ನು ಬೇರೊಂದು ರೀತಿಯಲ್ಲಿ ಬಳಸುತ್ತದೆ. ನವಜಾತ ಶಿಶುಗಳನ್ನು ಬಾಧಿಸುವ ಇದರ ಕವಚದ ಎಳೆಗಳ ತುದಿಯಲ್ಲಿ, ನಮ್ಮ ಜೀವಕೋಶಗಳ ಮೇಲೆ ಇರುವ ಸಿಯಾಲಿಕ್ ಆಮ್ಲವೇ ಇರುತ್ತದೆ. ಅದನ್ನು ಕಂಡು ಪೂರಕ ಪ್ರೋಟೀನುಗಳು ಹಿಂಜರಿಯುತ್ತವೆ.

ಗಂಟಲಿನಿಂದ ಹೃದಯಕ್ಕೆ

ಈಗ ಕಮಲಾಪುರದ ಆ ಹುಡುಗಿಯ ಕಡೆಗೆ ಹೊರಳೋಣ. ಗಂಟಲಿನಲ್ಲಿ ನೆಲೆಯೂರಿದ ರೋಗಾಣುವನ್ನು ಎದುರಿಸಲು ದೇಹವು ಕೊನೆಗೂ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಕವಚವು ನಮ್ಮದರಂತೆಯೇ ಇರುವುದರಿಂದ ಆಯುಧದ ಗುರಿ ಅದರ ಮೇಲಲ್ಲ, ಎಂ ಪ್ರೋಟೀನಿನಂಥ ಇತರ ಅಂಗಗಳ ಮೇಲೆ. ದುರ್ದೈವದಿಂದ ಎಂ ಪ್ರೋಟೀನಿನ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುತ್ತವೆ. ಶತ್ರುವಿಗೆಂದು ಹೂಡಿದ ಬಾಣವು ಸ್ವಜನರನ್ನು ತಾಗುತ್ತದೆ. ಗಂಟಲುನೋವು ಬಂದು ಎರಡು ಮೂರು ವಾರಗಳ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುವ ಊತ, ಹೃದಯದ ಉರಿಯೂತ ಕಾಣಿಸಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳನ್ನು, ಎಂದರೆ ಶಾಲೆಯ ಮಕ್ಕಳನ್ನೇ, ಇದು ಹೆಚ್ಚಾಗಿ ಹಿಡಿಯುತ್ತದೆ. ಕೀಲಿನ ನೋವು ಮಾಯುತ್ತದೆ. ಹೃದಯದ ಕವಾಟದ ಗಾಯ ಅನೇಕರಲ್ಲಿ ಮಾಯುವುದಿಲ್ಲ.

ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ, ಇನ್ನೂ ತಡವಾಗಿ ಮಿದುಳಿನ ಮೇಲೆ ಪರಿಣಾಮವಾಗುತ್ತದೆ. ಕೈಕಾಲುಗಳೂ ಮುಖದ ಸ್ನಾಯುಗಳೂ ತಾವಾಗಿ ಚಲಿಸತೊಡಗುತ್ತವೆ. ನಿದ್ರೆಯಲ್ಲಿ ಮಾತ್ರ ಶಾಂತವಾಗುತ್ತವೆ. ಹದಿನೇಳನೆಯ ಶತಮಾನದಲ್ಲಿ ಇದನ್ನು ವರ್ಣಿಸಿದ ಸಿಡನ್‌ಹ್ಯಾಮ್ ಎಂಬ ವೈದ್ಯನ ಹೆಸರಿನಿಂದ ಇದಕ್ಕೆ ಸಿಡನ್‌ಹ್ಯಾಮ್ ಕೊರಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕೊರಿಯಾ ಎಂದರೆ ನರ್ತನ. ಇದರ ಮೊದಲ ಚಿಹ್ನೆಗಳಲ್ಲಿ ಒಂದು ಬರವಣಿಗೆ ಕೆಡುವುದು, ಇನ್ನೊಂದು ಕೈಯಲ್ಲಿದ್ದ ವಸ್ತು ಜಾರಿ ಬೀಳುವುದು. ಇವು ವೈದ್ಯರಿಗಿಂತ ಮೊದಲು ಕಣ್ಣಿಗೆ ಬೀಳುವುದು ಅಧ್ಯಾಪಕರಿಗೆ. ನನ್ನ ಕಣ್ಣಿಗೂ ಬಿದ್ದಿತ್ತು. ಹತ್ತು ಸಲ ಬರೆಸಿದುದೇ ನಾನು ಮಾಡಿದ ಚಿಕಿತ್ಸೆ.

ಇಂಥ ಅನರ್ಥಕ್ಕೆ ದಟ್ಟವಾದ ಕವಚವುಳ್ಳ ತಳಿಗಳು ವಿಶೇಷವಾಗಿ ಕಾರಣವಾಗುವುವೆಂಬ ಅನುಮಾನ ಹಳೆಯದು. 1985ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಸುತ್ತಮುತ್ತ, ಅಳಿದೇ ಹೋಯಿತೆಂದು ತಿಳಿದಿದ್ದ ರುಮ್ಯಾಟಿಕ್ ಜ್ವರವು ಮತ್ತೆ ತಲೆಯೆತ್ತಿತು. ಆಗ ಅಲ್ಲಿ ಹರಡಿದ್ದ ಸ್ಟ್ರೆಪ್ಟೊಕಾಕಸ್ ತಳಿಗಳಲ್ಲಿ ಲೋಳೆಗವಚದ ಬಗೆಯವು ಎದ್ದು ಕಂಡವು. ರೋಗ ಬಂದ ಮಕ್ಕಳಲ್ಲಿ ಹಲವರಿಗೆ ಗಂಟಲುನೋವು ಬಂದುದೇ ನೆನಪಿರಲಿಲ್ಲ. ಬಡತನದ ರೋಗವೆಂದು ಹೆಸರಾದ ಇದು ಅನುಕೂಲಸ್ಥರ ಮನೆಗಳನ್ನೂ ಹೊಕ್ಕಿತ್ತು.

ಕವಚಕ್ಕೆ ಪ್ರತ್ಯಸ್ತ್ರ

ಕವಚವೇ ರೋಗಾಣುವಿನ ಬಲವಾದರೆ, ಅದರ ಗುರುತನ್ನು ದೇಹಕ್ಕೆ ಮುಂಚೆಯೇ ಕಲಿಸಿಕೊಡುವುದು ಪ್ರತ್ಯಸ್ತ್ರ. ನ್ಯುಮೋಕಾಕಸ್ಸಿನ ವಿಷಯದಲ್ಲಿ ಇದು ಸಾಧ್ಯವಾಗಿದೆ. ಅದರ ಕವಚದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಕಲಬುರಗಿಯ ಪೇಟೆಯಲ್ಲಿ ಸಿಪ್ಪೆಯ ಕೆಂಪನ್ನು ನೋಡಿಯೇ ಇದು ಕಮಲಾಪುರದ ಬಾಳೆಯೆಂದು ನಾವು ಗುರುತಿಸುವಂತೆ, ಪ್ರತಿಕಾಯವು ಕವಚದ ಬಗೆಯನ್ನು ಗುರುತಿಸುತ್ತದೆ. ಒಂದು ಬಗೆಗೆ ಹೊಂದಿದ ಪ್ರತಿಕಾಯ ಇನ್ನೊಂದಕ್ಕೆ ಸಾಮಾನ್ಯವಾಗಿ ಒದಗದು. ಆದುದರಿಂದ ಹೆಚ್ಚು ಅಪಾಯಕರವಾದ ಬಗೆಗಳ ಕವಚಗಳನ್ನು ಆರಿಸಿ ಲಸಿಕೆಯಲ್ಲಿ ಸೇರಿಸುತ್ತಾರೆ. ಬರಿಯ ಕವಚದ ಸಕ್ಕರೆಗೆ ಎರಡು ವರ್ಷದೊಳಗಿನ ಮಕ್ಕಳ ದೇಹವು ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಒಂದು ಪ್ರೋಟೀನಿಗೆ ಜೋಡಿಸಿಕೊಟ್ಟರೆ ಸ್ಪಂದಿಸುತ್ತದೆ. ಇದು ಸಂಯುಕ್ತ ಲಸಿಕೆ. ನಮ್ಮ ದೇಶದ ಮಕ್ಕಳಲ್ಲಿ ಯಾವ ಬಗೆಗಳು ಹೆಚ್ಚೆಂದು ತಿಳಿಯುವ ಕಾರ್ಯದಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೂ ಶ್ರಮಿಸಿದೆ. ಭಾರತದಲ್ಲಿ 2017ರಿಂದ ಹಂತಹಂತವಾಗಿ ಕೆಲವು ರಾಜ್ಯಗಳಲ್ಲಿ ಆರಂಭವಾದ ಈ ಲಸಿಕೆಯು 2021ರಲ್ಲಿ ದೇಶದ ಎಲ್ಲೆಡೆಗೂ ವಿಸ್ತರಿಸಿತು. ಇಂದು ಆರನೆಯ ವಾರ, ಹದಿನಾಲ್ಕನೆಯ ವಾರ ಹಾಗೂ ಒಂಬತ್ತನೆಯ ತಿಂಗಳು, ಹೀಗೆ ಮೂರು ಸಲ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಗಂಟಲಿನ ಸ್ಟ್ರೆಪ್ಟೊಕಾಕಸ್ಸಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಕವಚದ ಗುರುತನ್ನು ದೇಹಕ್ಕೆ ಕಲಿಸಹೊರಟರೆ ನಮ್ಮ ಕೀಲು, ಚರ್ಮಗಳ ಗುರುತನ್ನೇ ಶತ್ರುವಿನದೆಂದು ಕಲಿಸಿದಂತಾಗುತ್ತದೆ. ಬೇರೆ ಅಂಗಗಳನ್ನು ಆಧರಿಸಿದ ಲಸಿಕೆಗಾಗಿ ಪ್ರಯತ್ನಗಳು ನಡೆದಿವೆಯಾದರೂ ಯಾವುದೂ ಈವರೆಗೆ ಬಳಕೆಗೆ ಬಂದಿಲ್ಲ. ಹಾಗೆಂದು ನಿರಾಶರಾಗಬೇಕಾಗಿಲ್ಲ. ಪೆನಿಸಿಲಿನ್ ಎಂಬ ಔಷಧಿಯ ಅಣು ಬಹಳ ಚಿಕ್ಕದು. ಅದು ಲೋಳೆಯೊಳಗೆ ನುಸುಳಿ ರೋಗಾಣುವಿನ ಗೋಡೆಯ ನಿರ್ಮಾಣವನ್ನೇ ತಡೆಯುತ್ತದೆ. ಎಷ್ಟೋ ರೋಗಾಣುಗಳು ಪೆನಿಸಿಲಿನ್ನಿಗೆ ಜಗ್ಗದಂತಾದರೂ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಅದಕ್ಕೆ ಮಣಿಯುತ್ತದೆ. ಗಂಟಲುನೋವು ತೊಡಗಿದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ಆರಂಭವಾದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಕವಚವು ರೋಗಾಣುವಿಗೆ ಗಳಿಸಿಕೊಡುವುದು ಕಾಲವನ್ನು. ನಾವು ಅದರಿಂದ ಕಸಿದುಕೊಳ್ಳಬೇಕಾದುದೂ ಕಾಲವನ್ನೇ.

ಅಧ್ಯಾಪಕರಲ್ಲಿ ವಿನಂತಿ

ಗಂಟಲುನೋವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬಂದು ತಾವಾಗಿ ಹೋಗುತ್ತವೆ. ಎಲ್ಲಕ್ಕೂ ಪೆನಿಸಿಲಿನ್ ಬೇಡ. ಯಾವುದಕ್ಕೆ ಬೇಕೆಂಬ ನಿರ್ಣಯ ವೈದ್ಯರದು. ಆದರೆ ಕೆಮ್ಮು ನೆಗಡಿಗಳಿಲ್ಲದೆ ಥಟ್ಟನೆ ಜ್ವರ ಬಂದು, ಎಂಜಲು ನುಂಗಲೂ ನೋವಾಗಿ, ದವಡೆಯ ಕೆಳಗೆ ಗಡ್ಡೆಗಳು ಬಾತು ನೋಯುತ್ತಿದ್ದರೆ ಆ ಮಗುವನ್ನು ಅಂದೇ ವೈದ್ಯರಲ್ಲಿಗೆ ಕಳುಹಿಸಬೇಕು. ವೈದ್ಯರು ಹತ್ತು ದಿನದ ಗುಳಿಗೆಗಳನ್ನು ಕೊಟ್ಟಾಗ ಮೂರನೆಯ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಹತ್ತೂ ದಿನ ನುಂಗುವಂತೆ ತಂದೆತಾಯಿಗಳಿಗೆ ತಿಳಿಹೇಳಬೇಕು. ಸರಿದಾಡುವ ಕೀಲುನೋವನ್ನು ಬೆಳೆಯುವ ವಯಸ್ಸಿನದೆಂದು ಕಡೆಗಣಿಸಬಾರದು. ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಅಕ್ಷರ ಹಠಾತ್ತಾಗಿ ಕೆಟ್ಟರೆ ಬೆತ್ತಕ್ಕೆ ಕೈಹಾಕುವ ಮೊದಲು ಮಗುವಿನ ಕೈಯನ್ನು ಹಿಡಿದು ನೋಡಬೇಕು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಅದು ಮರುಕಳಿಸದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಹೊಲದ ಕೂಲಿ ಬಿಟ್ಟು ಮಗುವನ್ನು ಕರೆದೊಯ್ಯಲಾರದ ಮನೆಗಳಲ್ಲಿ ಇದು ತಪ್ಪುತ್ತದೆ, ತಪ್ಪಿದಾಗ ಕವಾಟ ಮತ್ತಷ್ಟು ಕೆಡುತ್ತದೆ. ಕಲಬುರಗಿ ನಗರದಲ್ಲಿ ಇಂದು ಚಿಕಿತ್ಸೆಗೆ ಕೊರತೆಯಿಲ್ಲ. 1963ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವಿದೆ, ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಸ್ವಂತ ಕಟ್ಟಡವೂ ದೊರೆತಿದೆ. ಕೊರತೆಯಿರುವುದು ಹಳ್ಳಿಯ ಮಗುವಿನ ಗಂಟಲಿಗೂ ನಗರದ ಆಸ್ಪತ್ರೆಗೂ ನಡುವಣ ದಾರಿಯಲ್ಲಿ. ನಮ್ಮ ಶಾಲೆಗೆ ಕಟ್ಟಡಗಳನ್ನೂ ಗ್ರಂಥಭಂಡಾರವನ್ನೂ ಕೊಟ್ಟ ದಾನಿಗಳು, ವರ್ಷಕ್ಕೊಮ್ಮೆ ಮಕ್ಕಳ ಗಂಟಲು ಮತ್ತು ಹೃದಯಗಳ ತಪಾಸಣೆಗೂ, ಚುಚ್ಚುಮದ್ದಿಗೆ ಹೋಗುವ ಮಗುವಿನ ಬಸ್ಸಿನ ಖರ್ಚಿಗೂ ಸ್ವಲ್ಪ ಹಣವನ್ನು ಮೀಸಲಿಟ್ಟರೆ ಅದು ಕಟ್ಟಡಕ್ಕಿಂತ ಕಡಿಮೆಯ ದಾನವಾಗದು.

ಆ ಹುಡುಗಿ ಇಂದು ತಾನೇ ಪ್ರಾಥಮಿಕ ಶಾಲೆಯೊಂದರಲ್ಲಿ ಅಧ್ಯಾಪಕಿ. ಚುಚ್ಚುಮದ್ದು ಇನ್ನೂ ನಡೆದಿದೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾಳೆ. ಪ್ರತಿ ಯುಗಾದಿಗೆ ನನಗೊಂದು ಪತ್ರ ಬರುತ್ತದೆ. ಅಕ್ಷರಗಳು ಮೊದಲಿನಂತೆಯೇ ದುಂಡಗಿವೆ. ಆ ಪತ್ರವನ್ನು ಕೈಯಲ್ಲಿ ಹಿಡಿದಾಗಲೆಲ್ಲ, ನಾನು ಹತ್ತು ಸಲ ಬರೆಸಿದ ಆ ಪುಟ ನೆನಪಾಗುತ್ತದೆ. ನಮ್ಮ ಶಾಲೆಯ ಯಾವ ಅಧ್ಯಾಪಕರಿಗೂ ಇಂಥದೊಂದು ಪುಟದ ನೆನಪು ಉಳಿಯದಿರಲಿ ಎಂಬುದೇ ಈ ಬರಹದ ಹಾರೈಕೆ.